ಪಂಡಿತಾ ರಮಾಬಾಯಿಯ ಚರಿತ್ರೆ

ಇದು ಗಂಡಸರ ಕೆಲಸ, ಅದು ಹೆಂಗಸರ ಕೆಲಸ ಎಂದು ನಮ್ಮ ಹಳ್ಳಿಯ ಮನೆಗಳಲ್ಲಿ ಹೇಳುವದನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇವೆ. ನೇಗಿಲು ಗಂಡಸಿಗೆ, ಒಲೆ ಹೆಂಗಸಿಗೆ. ಪುಸ್ತಕವೂ ಲೆಕ್ಕವೂ ಗಂಡಸಿಗೆ, ಕೊಡವೂ ಕಸಬರಿಕೆಯೂ ಹೆಂಗಸಿಗೆ. ಈ ಹಂಚಿಕೆಯಲ್ಲಿ ಸೃಷ್ಟಿಕರ್ತನು ಮಾಡಿದ್ದು ಎಷ್ಟು, ಮನುಷ್ಯರು ತಮ್ಮ ಅನುಕೂಲಕ್ಕಾಗಿ ಮಾಡಿಕೊಂಡದ್ದು ಎಷ್ಟು ಎಂಬದನ್ನು ಕುಳಿತು ವಿಚಾರಿಸುವವರು ಕಡಿಮೆ. ಅದನ್ನು ತನ್ನ ಜೀವಮಾನವೆಲ್ಲಾ ವಿಚಾರಿಸಿದ್ದಲ್ಲದೆ, ತನ್ನ ಕೈಯ ಕೆಲಸದಿಂದಲೇ ಅದಕ್ಕೆ ಉತ್ತರಕೊಟ್ಟ ಒಬ್ಬ ಸ್ತ್ರೀಯ ಚರಿತ್ರೆಯನ್ನು ಈ ಸಾರಿ ನಿಮ್ಮ ಮುಂದೆ ಇಡುತ್ತೇವೆ. ಆಕೆಯ ಹೆಸರು ಲೋಕಪ್ರಸಿದ್ಧವಾದದ್ದು. ಆದರೆ ಆಕೆಯು ನಮ್ಮ ಪಡುವಣ ಘಟ್ಟದ ಕಾಡಿನಲ್ಲಿ ಹುಟ್ಟಿದವಳೆಂಬದು ನಮ್ಮವರಲ್ಲಿ ಎಲ್ಲರಿಗೂ ತಿಳಿಯದು.

ಕಾರ್ಕಳದ ಬಳಿಯ ಮಾಳ ಎಂಬ ಊರಲ್ಲಿ ಅನಂತಶಾಸ್ತ್ರಿ ಡೋಂಗ್ರೆ ಎಂಬ ಚಿತ್ಪಾವನ ಬ್ರಾಹ್ಮಣನಿದ್ದನು. ಆತನು ಯೌವನದಲ್ಲಿ ಪುಣೆಗೆ ಹೋಗಿ ಅಲ್ಲಿ ಒಬ್ಬ ದೊಡ್ಡ ಶಾಸ್ತ್ರಿಯ ಬಳಿ ಸಂಸ್ಕೃತವನ್ನು ಕಲಿಯುತ್ತಿದ್ದನು. ಆ ಗುರುವು ಪೇಶ್ವೆ ಎರಡನೆಯ ಬಾಜೀರಾಯನ ಅರಮನೆಗೆ ಹೋಗಿ ರಾಣಿಗೆ ಪಾಠ ಹೇಳುತ್ತಿದ್ದನು. ಗುರುವಿನ ಹಿಂದೆ ಹೋದ ಶಿಷ್ಯನು ಒಬ್ಬ ಸ್ತ್ರೀಯು ಶುದ್ಧವಾದ ಉಚ್ಚಾರದಿಂದ ಸಂಸ್ಕೃತ ಶ್ಲೋಕಗಳನ್ನು ಹೇಳುವದನ್ನು ಕೇಳಿ ಬೆರಗಾದನು. ಹೆಂಗಸಿನ ಬುದ್ಧಿಗೆ ವಿದ್ಯೆ ಹತ್ತದೆಂದು ಅದುವರೆಗೆ ಕೇಳಿದ್ದು ಸುಳ್ಳೆಂದು ಆತನಿಗೆ ಆಗಲೇ ತಿಳಿಯಿತು. ಊರಿಗೆ ಹಿಂತಿರುಗಿದ ಮೇಲೆ ತನ್ನ ಹೆಂಡತಿಗೆ ಕಲಿಸಲು ಆರಂಭಿಸಿದನು. ಆದರೆ ಆಕೆಗೂ ಮನಸ್ಸಿಲ್ಲ, ಮನೆಯ ಹಿರಿಯರಿಗಂತೂ ಸ್ವಲ್ಪವೂ ಸಮ್ಮತವಿಲ್ಲ. ಆದಕಾರಣ ಆ ಪ್ರಯತ್ನವು ನಿಂತುಹೋಯಿತು.

ಆ ಹೆಂಡತಿಯು ತೀರಿಕೊಂಡ ಬಳಿಕ ನಾಲ್ವತ್ತು ದಾಟಿದ ಶಾಸ್ತ್ರಿಯು ಯಾತ್ರೆಯಲ್ಲಿದ್ದಾಗ ಗೋದಾವರಿಯ ತೀರದಲ್ಲಿ ಒಬ್ಬ ಯಾತ್ರಿಕ ಬ್ರಾಹ್ಮಣನು ತನ್ನ ಒಂಭತ್ತು ವರುಷದ ಮಗಳನ್ನು ಆತನಿಗೆ ಮದುವೆಮಾಡಿಕೊಟ್ಟನು. ಆ ಕಾಲದ ಪದ್ಧತಿಯು ಹಾಗಿತ್ತು. ಇದನ್ನು ನಾವು ಹೊಗಳಲಾರೆವು. ರಮಾಬಾಯಿಯು ಸಹ ಮುಂದೆ ಇಂಥ ಮದುವೆಗಳನ್ನು ಖಂಡಿಸಿ ಬರೆದಳು. ಆದರೆ ಲಕ್ಷ್ಮೀಬಾಯಿ ಎಂಬ ಆ ಹುಡುಗಿಯ ಪಾಲಿಗೆ ಒಂದು ಒಳ್ಳೇ ಸಂಗತಿಯಾಯಿತು. ಗಂಡನು ಆಕೆಗೆ ಅಕ್ಷರವನ್ನೂ ವ್ಯಾಕರಣವನ್ನೂ ಪುರಾಣಗಳನ್ನೂ ಕಲಿಸಿದನು, ಆಕೆಯೂ ಮನಸ್ಸಿಟ್ಟು ಕಲಿತಳು. ಊರಲ್ಲಿ ಗದ್ದಲವೆದ್ದಿತು. ಸ್ತ್ರೀಗೆ ಸಂಸ್ಕೃತ ಕಲಿಸಿದ ಅಪರಾಧಕ್ಕಾಗಿ ಶಾಸ್ತ್ರಿಯು ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಲ್ಲಬೇಕಾಯಿತು. ಆತನು ಶಾಸ್ತ್ರಗಳಿಂದಲೇ ಆಧಾರಗಳನ್ನು ಕೂಡಿಸಿಕೊಂಡು ಹೋಗಿ, ವೇದವನ್ನು ಬಿಟ್ಟು ಮಿಕ್ಕ ವಿದ್ಯೆಯನ್ನು ಸ್ತ್ರೀಯರಿಗೂ ಶೂದ್ರರಿಗೂ ಕಲಿಸುವದರಲ್ಲಿ ದೋಷವಿಲ್ಲವೆಂದು ವಾದಿಸಿದನು. ಜಾತಿಯಿಂದ ಹೊರಗೆ ಹಾಕುವದು ತಪ್ಪಿತು. ಜನರ ಕಿರುಕುಳವು ತಪ್ಪಲಿಲ್ಲ. ಆಗ ಆತನು ಹೆಂಡತಿಯನ್ನು ಕರೆದುಕೊಂಡು, ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಗಂಗಾಮೂಲದ ಕಾಡಿಗೆ ಹೋಗಿ ಅಲ್ಲಿ ಮನೆಕಟ್ಟಿಕೊಂಡನು. ಹುಲಿಕರಡಿಗಳ ನಡುವೆ ಆ ದಂಪತಿಗಳು ಶಿಷ್ಯರಿಗೆ ಪಾಠಹೇಳುತ್ತಾ ಇದ್ದರು. ಆ ಮನೆಯಲ್ಲಿಯೇ 1858ನೆಯ ಇಸವಿ ಎಪ್ರಿಲ್ ತಾ. 23ರಲ್ಲಿ ರಮಾಬಾಯಿಯು ಹುಟ್ಟಿದಳು. ಆಕೆಗೆ ಕೃಷ್ಣಾಬಾಯಿ ಎಂಬ ಅಕ್ಕನೂ ಶ್ರೀನಿವಾಸ ಎಂಬ ಅಣ್ಣನೂ ಇದ್ದರು.

ಬಂದ ಅತಿಥಿಗಳಿಗೂ ಶಿಷ್ಯರಿಗೂ ಅನ್ನವಿಕ್ಕಿ ಶಾಸ್ತ್ರಿಯು ಸಾಲದಲ್ಲಿ ಬಿದ್ದದ್ದರಿಂದ, ಕೂಸಿಗೆ ಆರು ತಿಂಗಳಾಗುವಾಗಲೇ ಆ ಕುಟುಂಬವು ಮನೆಯನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ಆಳು ತಲೆಯ ಮೇಲೆ ಹೊತ್ತು ಬೆಟ್ಟವಿಳಿದನು. ಅಂದಿನಿಂದ ಅವರಿಗೆ ನೆಲೆಯಾದ ಊರಿಲ್ಲ. ಒಂದು ಕ್ಷೇತ್ರದಿಂದ ಮತ್ತೊಂದು ಕ್ಷೇತ್ರಕ್ಕೆ ನಡೆಯುತ್ತಾ, ದೇವಸ್ಥಾನಗಳಲ್ಲಿಯೂ ಅರಳೀಕಟ್ಟೆಗಳಲ್ಲಿಯೂ ಪುರಾಣವನ್ನು ಓದಿ ಹೇಳುತ್ತಾ, ಜನರು ಕೊಟ್ಟದ್ದನ್ನು ಉಣ್ಣುತ್ತಾ ಜೀವಿಸಿದರು. ತಂದೆಗೆ ವಯಸ್ಸಾಗಿದ್ದುದರಿಂದ ರಮಾಬಾಯಿಗೆ ತಾಯಿಯೇ ಗುರುವಾದಳು. ಮನೆಗೆಲಸವು ಆರಂಭವಾಗುವದಕ್ಕೆ ಮುಂಚೆ, ಹೊತ್ತು ಮೂಡುವದಕ್ಕೂ ಮುಂಚೆ, ತಾಯಿಯು ಮಗುವನ್ನು ಎಬ್ಬಿಸಿ ಮಡಿಲಲ್ಲಿ ಕೂರಿಸಿಕೊಂಡು ಪಾಠಹೇಳುತ್ತಿದ್ದಳು. ಹೀಗೆ ಹನ್ನೆರಡನೆಯ ವಯಸ್ಸಿಗಾಗಲೇ ಭಾಗವತದ 18,000 ಶ್ಲೋಕಗಳು ಹುಡುಗಿಗೆ ಬಾಯಿಪಾಠವಾಗಿದ್ದವು. ಮರಾಠಿ, ಕನ್ನಡ, ಹಿಂದುಸ್ಥಾನಿ ಭಾಷೆಗಳು ನಡೆದ ದಾರಿಯಲ್ಲಿಯೇ ಬಂದವು. ಅಕ್ಕನ ಬಾಲ್ಯವಿವಾಹವು ದುಃಖದಲ್ಲಿ ಮುಗಿದದ್ದನ್ನು ಕಂಡಿದ್ದ ತಂದೆತಾಯಿಗಳು ಕಿರಿಯ ಮಗಳಿಗೆ ಎಳೆಯ ವಯಸ್ಸಿನಲ್ಲಿ ಮದುವೆಮಾಡಲಿಲ್ಲ. ಇದು ಆ ಕಾಲದಲ್ಲಿ ಎಷ್ಟು ದೊಡ್ಡ ಧೈರ್ಯವೆಂದು ಹೇಳಬೇಕಾಗಿಲ್ಲ.

1870ರ ದಶಕದಲ್ಲಿ ದಕ್ಷಿಣ ಸೀಮೆಯಲ್ಲಿ ಬರಗಾಲವು ಬಂತು. ಶಾಸ್ತ್ರಿಯ ಕೈಯಲ್ಲಿದ್ದ ಹಣವು ದಾನಧರ್ಮಗಳಲ್ಲಿ ಮುಗಿದಿತ್ತು. ಭಿಕ್ಷೆ ಬೇಡಲು ಅವರಿಗೆ ನಾಚಿಕೆ. ಕೂಲಿ ಮಾಡಲು ಅವರು ಕಲಿತವರಲ್ಲ. ಪಾತ್ರೆಪಗಡೆಗಳನ್ನು ಮಾರಿ ತಿಂದರು. ಅವೂ ಮುಗಿದ ಮೇಲೆ ಕಾಡಿಗೆ ಹೋಗಿ ಎಲೆಗಳನ್ನು ತಿಂದರು. ತಂದೆಯು ಹಸಿವಿನಿಂದ ಸತ್ತನು. ರಾಯಚೂರಿನ ಕಡೆಗೆ ಬರುವಷ್ಟರಲ್ಲಿ ತಾಯಿಯೂ ಸತ್ತಳು. ಶವವನ್ನು ಹೊರುವದಕ್ಕೆ ಜಾತಿಯವರು ಯಾರೂ ಮೊದಲು ಮುಂದೆ ಬರಲಿಲ್ಲ. ಕಟ್ಟಕಡೆಗೆ ಇಬ್ಬರು ಕನಿಕರಪಟ್ಟು ಬಂದರು, ಮೂರನೆಯವನು ಶ್ರೀನಿವಾಸನು, ನಾಲ್ಕನೆಯ ಹೆಗಲು ರಮಾಬಾಯಿಯದು. ಆಕೆಯು ಕುಳ್ಳಗಿದ್ದದರಿಂದ ಚಟ್ಟವನ್ನು ತಲೆಯ ಮೇಲಿಟ್ಟುಕೊಂಡು ನಡೆಯಬೇಕಾಯಿತು. ಹೆಂಗಸು ಹೆಣ ಹೊರಬಾರದೆಂಬ ನಿಯಮವಿದೆ. ಆದರೆ ಹೊರುವ ಗಂಡಸರು ಬಾರದೆ ಹೋದಾಗ ಆ ನಿಯಮವು ಯಾರಿಗೆ ಸಹಾಯಮಾಡೀತು? ತಾಯಿಯಿಂದ ವಿದ್ಯೆಯನ್ನು ಪಡೆದ ಮಗಳು ಹೀಗೆ ತಾಯಿಯ ಋಣವನ್ನು ತೀರಿಸಿದಳು. ಸ್ವಲ್ಪ ಕಾಲದಲ್ಲಿ ಅಕ್ಕನೂ ತೀರಿಕೊಂಡಳು.

ಉಳಿದ ಅಣ್ಣತಂಗಿಯರು ಬರಿಗಾಲಿನಲ್ಲಿ ಸಾವಿರಾರು ಮೈಲು ನಡೆದು 1878ರಲ್ಲಿ ಕಲ್ಕತ್ತೆಯನ್ನು ಮುಟ್ಟಿದರು. ಇಪ್ಪತ್ತು ವರುಷದ ಅವಿವಾಹಿತ ಯುವತಿಯೊಬ್ಬಳು ಸಂಸ್ಕೃತದಲ್ಲಿ ನಿರರ್ಗಳವಾಗಿ ಮಾತಾಡುವದನ್ನು ಕೇಳಿ ಅಲ್ಲಿಯ ವಿದ್ವಾಂಸರು ಆಕೆಯನ್ನು ಪರೀಕ್ಷಿಸಿ, ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದುಗಳನ್ನು ಕೊಟ್ಟರು. ಸ್ತ್ರೀಯರ ಕರ್ತವ್ಯವನ್ನು ಕುರಿತು ಉಪನ್ಯಾಸಮಾಡಬೇಕೆಂದು ಕೇಳಿಕೊಂಡದ್ದರಿಂದ ಆಕೆಯು ಧರ್ಮಶಾಸ್ತ್ರಗಳನ್ನು ಸೂಕ್ಷ್ಮವಾಗಿ ಓದಿದಳು. ಎಷ್ಟೋ ವಿಷಯಗಳಲ್ಲಿ ಒಂದಕ್ಕೊಂದು ವಿರೋಧವಾಗಿ ಹೇಳುವ ಆ ಗ್ರಂಥಗಳು ಸ್ತ್ರೀಯನ್ನು ಕೀಳೆನ್ನುವದರಲ್ಲಿ ಮಾತ್ರ ಒಂದಾಗಿವೆ ಎಂದು ಆಕೆಗೆ ಕಂಡಿತು. ಬಿರುದು ಕೊಟ್ಟವರು ಹೊಗಳುತ್ತಿದ್ದಾಗಲೇ ಆಕೆಯ ಮನಸ್ಸಿನಲ್ಲಿ ಈ ಮುಳ್ಳು ಚುಚ್ಚುತ್ತಿತ್ತು.

1880ರಲ್ಲಿ ಅಣ್ಣನು ಢಾಕಾದಲ್ಲಿ ತೀರಿಕೊಂಡನು. ಅದೇ ವರುಷ ಆಕೆಯು ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲನನ್ನು ಮದುವೆಯಾದಳು. ಆತನು ಬ್ರಾಹ್ಮಣನಲ್ಲ, ಮದುವೆಯೂ ಸರಕಾರದ ಕಾಯಿದೆಯ ಪ್ರಕಾರ ನಡೆಯಿತು. ಅಸ್ಸಾಮಿನ ಸಿಲ್ಚಾರಿನಲ್ಲಿದ್ದ ಅವರ ಮನೆಯಲ್ಲಿ 1881ರ ಎಪ್ರಿಲಿನಲ್ಲಿ ಮನೋರಮೆ ಎಂಬ ಮಗಳು ಹುಟ್ಟಿದಳು. ಹೆಣ್ಣು ಮಗುವೆಂದು ದುಃಖಿಸದೆ, ಮನಸ್ಸಿಗೆ ಸಂತೋಷಕೊಡುವವಳೆಂಬ ಹೆಸರನ್ನೇ ಇಟ್ಟರು. ಆ ಮನೆಯಲ್ಲಿಯೇ ರಮಾಬಾಯಿಗೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯ ಒಂದು ಪ್ರತಿಯು ಸಿಕ್ಕಿ ಅದನ್ನು ಓದಿದಳು. ಆದರೆ ಮದುವೆಯಾಗಿ ಎರಡು ವರುಷ ತುಂಬುವದಕ್ಕೆ ಮುಂಚೆ, 1882ರ ಫೆಬ್ರವರಿಯಲ್ಲಿ, ಗಂಡನು ವಾಂತಿಭೇದಿಯಿಂದ ಸತ್ತನು. ಇಪ್ಪತ್ತಮೂರು ವರುಷದ ರಮಾಬಾಯಿಯು ಕೈಕೂಸಿನ ಸಂಗಡ ವಿಧವೆಯಾದಳು.

ವಿಧವೆಯಾದವಳು ತಲೆಬೋಳಿಸಿಕೊಂಡು ಕತ್ತಲೆಯ ಕೋಣೆಯಲ್ಲಿ ಇರಬೇಕೆಂದು ಲೋಕವು ವಿಧಿಸಿತ್ತು. ರಮಾಬಾಯಿಯು ಕೂಸನ್ನೆತ್ತಿಕೊಂಡು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದಳು. ಸ್ತ್ರೀಧರ್ಮನೀತಿ ಎಂಬ ಪುಸ್ತಕವನ್ನು ಮರಾಠಿಯಲ್ಲಿ ಬರೆದಳು. ಅದೇ ವರುಷ ವಿದ್ಯಾಭ್ಯಾಸದ ಸ್ಥಿತಿಯನ್ನು ವಿಚಾರಿಸುವದಕ್ಕಾಗಿ ಸರಕಾರವು ನೇಮಿಸಿದ್ದ ಹಂಟರ್ ಕಮಿಷನ್ ಪುಣೆಗೆ ಬಂತು. ರಮಾಬಾಯಿಯು ಅದರ ಮುಂದೆ ಸಾಕ್ಷಿಹೇಳಿ, ಹೆಣ್ಣುಮಕ್ಕಳ ಶಾಲೆಗಳಿಗೆ ತರಬೇತಾದ ಉಪಾಧ್ಯಾಯಿನಿಯರು ಬೇಕೆಂದೂ, ಆ ಶಾಲೆಗಳನ್ನು ತನಿಖೆಮಾಡಲು ಸ್ತ್ರೀಯರನ್ನೇ ನೇಮಿಸಬೇಕೆಂದೂ, ಸ್ತ್ರೀಯರಿಗೆ ವೈದ್ಯವಿದ್ಯೆಯನ್ನು ಕಲಿಸಬೇಕೆಂದೂ ಕೇಳಿದಳು. ಗಂಡಸು ವೈದ್ಯನಿಗೆ ರೋಗವನ್ನು ಹೇಳಲಾರದೆ ಎಷ್ಟೋ ಹೆಂಗಸರು ಸಾಯುತ್ತಿದ್ದ ಕಾಲವದು. ಸ್ತ್ರೀಯರ ವೈದ್ಯಸಹಾಯಕ್ಕಾಗಿ 1885ರಲ್ಲಿ ಏರ್ಪಟ್ಟ ಡಫ್ರಿನ್ ನಿಧಿಗೆ ಆಕೆಯ ಈ ಮಾತುಗಳೂ ಒಂದು ಪ್ರೇರಣೆಯಾಗಿದ್ದವೆಂದು ಹೇಳುವವರುಂಟು.

ತಾನೂ ವೈದ್ಯವಿದ್ಯೆಯನ್ನು ಕಲಿಯಬೇಕೆಂಬ ಆಶೆಯಿಂದ 1883ರಲ್ಲಿ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದಳು. ಕಿವಿ ಮಂದವಾಗುತ್ತಾ ಬಂದದ್ದರಿಂದ ಆ ಆಶೆಯು ಕೈಗೂಡಲಿಲ್ಲ. ಅಲ್ಲಿ ವಾಂಟೇಜ್ ಎಂಬ ಊರಿನ ಕ್ರೈಸ್ತ ಸಹೋದರಿಯರ ಮನೆಯಲ್ಲಿ ಇಳುಕೊಂಡಿದ್ದಾಗ, ದಾರಿತಪ್ಪಿದ ಸ್ತ್ರೀಯರನ್ನು ಅವರು ಪ್ರೀತಿಯಿಂದ ಸೇರಿಸಿಕೊಂಡು ಎತ್ತಿಹಿಡಿಯುವದನ್ನು ಕಂಡಳು. ಇಂಥವರಿಗೂ ಕನಿಕರ ತೋರಿಸಲು ಇವರಿಗೆ ಕಲಿಸಿದವರು ಯಾರೆಂದು ವಿಚಾರಿಸಿದಾಗ, ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿರುವ ಸಮಾರ್ಯದ ಸ್ತ್ರೀಯ ಕಥೆಯನ್ನು ಆಕೆಗೆ ತೋರಿಸಿದರು. ಜಾತಿಯಿಂದಲೂ ನಡತೆಯಿಂದಲೂ ತಳ್ಳಲ್ಪಟ್ಟ ಒಬ್ಬ ಹೆಂಗಸಿನ ಸಂಗಡ ಕ್ರಿಸ್ತನು ಬಾವಿಯ ಬಳಿಯಲ್ಲಿ ಕುಳಿತು ದೇವರ ಆರಾಧನೆಯ ವಿಷಯ ಮಾತಾಡಿದ್ದು ರಮಾಬಾಯಿಯ ಹೃದಯವನ್ನು ಮುಟ್ಟಿತು. 1883ರ ಸೆಪ್ಟೆಂಬರ್ ತಾ. 29ರಲ್ಲಿ ತಾಯಿಮಗಳಿಬ್ಬರೂ ಸ್ನಾನದೀಕ್ಷೆ ಹೊಂದಿದರು.

ಇಲ್ಲಿಗೆ ಎಲ್ಲವೂ ಸುಗಮವಾಯಿತೆಂದು ವಾಚಕರು ತಿಳಿಯಬಾರದು. ಚೆಲ್ಟೆನ್‌ಹಮ್ ಎಂಬ ಊರಿನ ಸ್ತ್ರೀಯರ ಕಾಲೇಜಿನಲ್ಲಿ ಆಕೆಯು ತಾನೂ ಕಲಿಯುತ್ತಾ ಇತರರಿಗೆ ಸಂಸ್ಕೃತವನ್ನು ಕಲಿಸುತ್ತಿದ್ದಳು. ಗಂಡಸರಿಗೂ ಪಾಠ ಹೇಳುವ ಮಾತು ಬಂದಾಗ, ಹಿಂದೂದೇಶದಲ್ಲಿ ಸೇವೆಮಾಡುತ್ತಿದ್ದ ಇಬ್ಬರು ಬಿಷಪರು ಅದನ್ನು ಆಕ್ಷೇಪಿಸಿದರು. ಹಾಗೆ ಮಾಡಿದರೆ ಸ್ವದೇಶದವರ ದೃಷ್ಟಿಯಲ್ಲಿ ಆಕೆಯ ಗೌರವವು ಕುಂದೀತೆಂದು ಅವರ ಭಯ. ಉಡುಪಿಯ ಪಂಡಿತರು ತಂದೆಯನ್ನು ಕೇಳಿದ್ದ ಪ್ರಶ್ನೆಯೇ ಬೇರೊಂದು ವೇಷದಲ್ಲಿ ಮಗಳ ಮುಂದೆ ಬಂದು ನಿಂತಿತು. ಕಲ್ಕತ್ತೆಯಲ್ಲಿಯೂ ಪುಣೆಯಲ್ಲಿಯೂ ಸಾವಿರ ಗಂಡಸರ ಮುಂದೆ ಮಾತಾಡಿದವಳಿಗೆ ಇಂಗ್ಲೆಂಡಿನಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಪಾಠ ಹೇಳಲು ತಡೆಯೇ ಎಂದು ಆಕೆಯು ನೊಂದುಕೊಂಡಳು. ಒಂದು ನೊಗವನ್ನು ಕಳಚಿ ಬಂದ ತಾನು ಮತ್ತೊಂದು ನೊಗಕ್ಕೆ ಕತ್ತು ಕೊಡಲಾರೆನೆಂದು ಹಿರಿಯರಿಗೆ ವಿನಯದಿಂದಲೂ ಖಂಡಿತವಾಗಿಯೂ ತಿಳಿಸಿದಳು. ಕ್ರೈಸ್ತಸಭೆಯಲ್ಲಿಯೂ ಮನುಷ್ಯರ ಪದ್ಧತಿಯು ಎಷ್ಟೋ ಸಾರಿ ದೇವರ ಆಜ್ಞೆಯ ಉಡುಪನ್ನು ತೊಟ್ಟುಕೊಂಡು ಬರುತ್ತದೆಂಬದಕ್ಕೆ ಈ ಸಂಗತಿಯು ಸಾಕ್ಷಿಯಾಗಿದೆ.

1886ರಲ್ಲಿ ಆನಂದಿಬಾಯಿ ಜೋಶಿ ಎಂಬ ಮಹಾರಾಷ್ಟ್ರದ ಸ್ತ್ರೀಯು ಅಮೇರಿಕದ ಫಿಲದೆಲ್ಫಿಯದಲ್ಲಿ ವೈದ್ಯಪದವಿಯನ್ನು ಹೊಂದುವ ದಿನ ಅದನ್ನು ನೋಡುವದಕ್ಕಾಗಿ ರಮಾಬಾಯಿಯು ಅಲ್ಲಿಗೆ ಹೋದಳು. ಸ್ವಲ್ಪ ದಿನ ಇದ್ದು ಬರಲು ಹೋದವಳು ಎರಡು ವರುಷಕ್ಕಿಂತ ಹೆಚ್ಚು ಕಾಲ ಅಲ್ಲಿಯೇ ನಿಂತಳು. ಚಿಕ್ಕ ಮಕ್ಕಳಿಗೆ ಆಟಪಾಟಗಳಿಂದ ಕಲಿಸುವ ಕಿಂಡರ್‌ಗಾರ್ಟನ್ ಕ್ರಮವನ್ನು ಅಭ್ಯಾಸಮಾಡಿದಳು. ಊರೂರು ಸಂಚರಿಸಿ ಮಾತಾಡಿದಳು. ಮೇಲ್ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ತಿಳಿಸುವ ಪುಸ್ತಕವನ್ನು 1887ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದಳು. ಅದನ್ನು ಓದಿ ಮನಕರಗಿದವರು ಅದೇ ವರುಷ ಬಾಸ್ಟನ್ ನಗರದಲ್ಲಿ ಒಂದು ಸಂಘವನ್ನು ಏರ್ಪಡಿಸಿ, ವಿಧವೆಯರ ಶಾಲೆಗಾಗಿ ಹತ್ತು ವರುಷ ಹಣಸಹಾಯ ಮಾಡುವದಾಗಿ ಒಪ್ಪಿಕೊಂಡರು.

1889ರ ಮಾರ್ಚ್ ತಾ. 11ರಲ್ಲಿ ಮುಂಬಯಿಯಲ್ಲಿ ಶಾರದಾಸದನವೆಂಬ ಶಾಲೆಯು ತೆರೆಯಲ್ಪಟ್ಟಿತು. ಮರುವರುಷ ಅದು ಪುಣೆಗೆ ಹೋಯಿತು. ಮೊದಲ ವಿದ್ಯಾರ್ಥಿನಿಯರಲ್ಲಿ ಗೋದುಬಾಯಿ ಎಂಬ ಬಾಲವಿಧವೆಯಿದ್ದಳು. 1893ರಲ್ಲಿ ಧೋಂಡೋ ಕೇಶವ ಕರ್ವೆಯು ಆಕೆಯನ್ನು ಮದುವೆಯಾದನು. ಮುಂದೆ ವಿಧವೆಯರ ಆಶ್ರಮವನ್ನೂ 1916ರಲ್ಲಿ ಸ್ತ್ರೀಯರ ವಿಶ್ವವಿದ್ಯಾಲಯವನ್ನೂ ಸ್ಥಾಪಿಸಿದವನು ಈತನೇ. ಒಬ್ಬ ವಿಧವೆಗೆ ಕೊಟ್ಟ ಅಕ್ಷರವು ಎಷ್ಟು ದೂರ ಹೋಗಿ ಫಲಕೊಟ್ಟಿತೆಂದು ನೋಡಿರಿ.

ಶಾರದಾಸದನದಲ್ಲಿ ಹಿಂದೂ ಹುಡುಗಿಯರು ತಮ್ಮ ಆಚಾರದಂತೆ ನಡೆಯಲು ಅಡ್ಡಿಯಿರಲಿಲ್ಲ. ಧರ್ಮಬೋಧೆಯನ್ನು ಪಾಠದಲ್ಲಿ ಸೇರಿಸುವದಿಲ್ಲವೆಂದು ರಮಾಬಾಯಿಯು ಮಾತುಕೊಟ್ಟಿದ್ದಳು. ಆದರೆ ತನ್ನ ಕೋಣೆಯಲ್ಲಿ ತಾನು ಪ್ರಾರ್ಥನೆಮಾಡುವಾಗ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಪ್ರೀತಿಯಿಂದ ಆಕೆಯ ಹತ್ತಿರ ಬಂದು ಕುಳಿತ ಹುಡುಗಿಯರನ್ನು ಹೊರಗೆ ಕಳುಹಿಸುತ್ತಲೂ ಇರಲಿಲ್ಲ. ಇದು ಕೊಟ್ಟ ಮಾತಿಗೆ ವಿರೋಧವೆಂದು ಪುಣೆಯಲ್ಲಿ ದೊಡ್ಡ ಕೋಲಾಹಲವಾಯಿತು. ಆಕೆಗೆ ಬೆಂಬಲವಾಗಿದ್ದ ರಾನಡೆ, ಭಾಂಡಾರಕರ ಮೊದಲಾದ ಸುಧಾರಕರು 1893ರಲ್ಲಿ ಸಲಹೆಗಾರರ ಮಂಡಲಿಯನ್ನು ಬಿಟ್ಟುಹೋದರು. ಅನೇಕ ಹುಡುಗಿಯರನ್ನು ಮನೆಯವರು ಬಂದು ಕರೆದುಕೊಂಡು ಹೋದರು. ಆ ತಂದೆತಾಯಿಗಳ ಅನುಮಾನವನ್ನು ನಾವು ತಿರಸ್ಕರಿಸಬಾರದು. ನಂಬಿಕೆಯಿಂದ ಮಕ್ಕಳನ್ನು ಒಪ್ಪಿಸಿದವರು ಅವರು. ಆದರೆ ಆ ಕಲಹದ ಮಧ್ಯದಲ್ಲಿ ಪುಸ್ತಕ ಮುಚ್ಚಿ ಮತ್ತೆ ಕತ್ತಲೆಯ ಕೋಣೆಗೆ ಹೋದವರು ಆ ಹುಡುಗಿಯರೇ. ರಮಾಬಾಯಿಗೆ ಅದು ಕಡೆಯ ವರೆಗೂ ಆರದ ನೋವಾಗಿತ್ತು.

ಪುಣೆಯ ಬಳಿಯ ಕೇಡಗಾಂವದಲ್ಲಿ ಆಕೆಯು ಸುಮಾರು ನೂರು ಎಕರೆ ಭೂಮಿಯನ್ನು ಕೊಂಡುಕೊಂಡಿದ್ದಳು. 1896-97ರಲ್ಲಿ ಮಧ್ಯಪ್ರಾಂತಗಳಲ್ಲಿ ಘೋರವಾದ ಕ್ಷಾಮವು ಬಂದಾಗ, ಎಲೆ ತಿಂದು ಬದುಕಿದ ತನ್ನ ಹಿಂದಿನ ದಿನಗಳನ್ನು ನೆನಸಿಕೊಂಡು ತಾನೇ ಅಲ್ಲಿಗೆ ಹೋದಳು. ಹಸಿದ ಹುಡುಗಿಯರನ್ನು ದುಷ್ಟರು ಕೊಂಡುಕೊಳ್ಳುವದನ್ನು ಕಂಡು, ಸುಮಾರು 300 ಮಂದಿಯನ್ನು ಬಿಡಿಸಿ ತಂದಳು. ಅವರಿಗಾಗಿ ಆದ ನೆಲೆಯೇ ಮುಕ್ತಿ. 1900ರಲ್ಲಿ ಗುಜರಾತಿನ ಕ್ಷಾಮದಿಂದ ಇನ್ನೂ ಅನೇಕರು ಬಂದು, ಅಲ್ಲಿ ಸುಮಾರು 2000 ಸ್ತ್ರೀಯರೂ ಮಕ್ಕಳೂ ಕೂಡಿದರು. ಮೋಸಹೋದ ಸ್ತ್ರೀಯರಿಗಾಗಿ ಕೃಪಾಸದನವೆಂಬ ಬೇರೆ ಮನೆಯೂ ಆಯಿತು.

ಮುಕ್ತಿಯಲ್ಲಿ ನಡೆದ ಕೆಲಸವನ್ನು ನಮ್ಮ ಹಳ್ಳಿಯ ಸಹೋದರರು ವಿಶೇಷವಾಗಿ ಗಮನಿಸಬೇಕು. ಎರಡು ಸಾವಿರ ಜನರಿಗೆ ಅನ್ನ, ನೀರು, ಬಟ್ಟೆ ಒದಗಬೇಕು. ಇದಕ್ಕೆ ಬೇಕಾದ ಕೆಲಸವನ್ನೆಲ್ಲಾ ಬಹುಮಟ್ಟಿಗೆ ಹೆಂಗಸರೇ ಮಾಡಿದರು. ಹೊಲವನ್ನು ನೋಡಿಕೊಂಡರು, ಹಸುಗಳನ್ನು ಸಾಕಿದರು, ಎಣ್ಣೆ ತೆಗೆದರು, ಬಟ್ಟೆ ನೇಯ್ದರು, ಹೊಲಿದರು, ರೋಗಿಗಳನ್ನು ಉಪಚರಿಸಿದರು, ಪಾಠ ಹೇಳಿದರು, ಅಚ್ಚುಕೂಟದಲ್ಲಿ ಮೊಳೆಗಳನ್ನು ಜೋಡಿಸಿದರು. ಕುರುಡಿಯರಿಗೆ ಉಬ್ಬಕ್ಷರಗಳಿಂದ ಓದುವದನ್ನು ಮನೋರಮೆಯು ಕಲಿಸಿದಳು. ಯಾವದು ಗಂಡಸರ ಕೆಲಸವೆಂದು ಅಲ್ಲಿ ಯಾರೂ ತರ್ಕಮಾಡುತ್ತಾ ಕೂಡ್ರಲಿಲ್ಲ. ಬರದಲ್ಲಿ ಸತ್ತೇಹೋಗುವರೆಂದು ಬಿಟ್ಟುಬಿಟ್ಟಿದ್ದ ಹುಡುಗಿಯರು ತಮ್ಮ ಅನ್ನವನ್ನು ತಾವೇ ದುಡಿದು ಉಂಡರು. ಹಾಗೆಂದು ಅಡಿಗೆಯನ್ನೂ ಮಕ್ಕಳ ಪಾಲನೆಯನ್ನೂ ರಮಾಬಾಯಿಯು ಹಗುರವಾಗಿ ಎಣಿಸಲಿಲ್ಲ. ಅವುಗಳೂ ಕಲಿತು ಮಾಡಬೇಕಾದ ಗೌರವದ ಕೆಲಸವೆಂದು ಕಲಿಸಿದಳು.

ನಮ್ಮ ಕನ್ನಡ ನಾಡನ್ನೂ ಆಕೆಯು ಮರೆಯಲಿಲ್ಲ. 1912ರ ಸುಮಾರಿನಲ್ಲಿ, ಆಗ ನಿಜಾಮನ ಸೀಮೆಗೆ ಸೇರಿದ್ದ ಗುಲ್ಬರ್ಗದಲ್ಲಿ, ಆಕೆಯ ಸಹಾಯದಿಂದ ಒಂದು ಕ್ರೈಸ್ತ ಹೈಸ್ಕೂಲು ಆರಂಭವಾಯಿತು. ಮನೋರಮೆಯೇ ಅದರ ಮುಖ್ಯೋಪಾಧ್ಯಾಯಿನಿಯಾದಳು.

ಕಡೆಯ ವರುಷಗಳಲ್ಲಿ ರಮಾಬಾಯಿಯು ಸತ್ಯವೇದವನ್ನು ಮೂಲಭಾಷೆಗಳಿಂದ ಮರಾಠಿಗೆ ತರುವ ಕೆಲಸದಲ್ಲಿ ತೊಡಗಿದಳು. ಅದಕ್ಕಾಗಿ ಇಬ್ರಿಯ, ಗ್ರೀಕ್ ಭಾಷೆಗಳನ್ನು ಕಲಿತಳು. ಆಗ ಇದ್ದ ಭಾಷಾಂತರದಲ್ಲಿ ಸಂಸ್ಕೃತ ಶಬ್ದಗಳು ತುಂಬಿದ್ದು ಹಳ್ಳಿಯ ಹೆಂಗಸರಿಗೆ ಅರ್ಥವಾಗುತ್ತಿರಲಿಲ್ಲ. ಸಂಸ್ಕೃತದಲ್ಲಿ ಸರಸ್ವತಿ ಎಂಬ ಬಿರುದನ್ನು ಪಡೆದವಳೇ ಆ ಸಂಸ್ಕೃತವನ್ನು ಬದಿಗಿಟ್ಟು, ಬೀಸುವ ಕಲ್ಲಿನ ಮುಂದೆ ಕೂತವಳಿಗೂ ತಿಳಿಯುವ ಮಾತುಗಳನ್ನು ಹುಡುಕಿದಳು. ತಂದೆಯು ತಾಯಿಗೆ ಕಲಿಸಿದ ವಿದ್ಯೆಯು ಕಡೆಗೆ ಈ ಉಪಯೋಗಕ್ಕೆ ಬಂತು. 1921ರ ಜುಲೈಯಲ್ಲಿ ಮನೋರಮೆಯು ತಾಯಿಗಿಂತ ಮುಂಚೆ ತೀರಿಕೊಂಡಳು. ಆ ದುಃಖದಲ್ಲಿಯೂ ತಾಯಿಯು ಭಾಷಾಂತರವನ್ನು ಬಿಡದೆ ಮುಗಿಸಿ, 1922ರ ಎಪ್ರಿಲ್ ತಾ. 5ರಲ್ಲಿ ವಿಶ್ರಾಂತಿ ಹೊಂದಿದಳು. ಮುಕ್ತಿಯ ಸ್ತ್ರೀಯರೇ ಜೋಡಿಸಿ ಅಚ್ಚುಮಾಡಿದ ಆ ಗ್ರಂಥವು 1924ರಲ್ಲಿ ಪೂರ್ಣವಾಗಿ ಹೊರಬಂತು. ಕೇಡಗಾಂವದ ಮುಕ್ತಿಯು ಇಂದಿಗೂ ಅನಾಥರಾದ ಹೆಣ್ಣುಮಕ್ಕಳಿಗೆ ಮನೆಯಾಗಿದೆ.

ವಾಚಕರೇ, ಈ ಚರಿತ್ರೆಯು ಎಲ್ಲಿ ಆರಂಭವಾಯಿತೆಂದು ಮತ್ತೊಮ್ಮೆ ನೋಡಿರಿ. ದೊಡ್ಡ ಸಭೆಯಲ್ಲಿ ಅಲ್ಲ, ಸರಕಾರದ ಕಾಯಿದೆಯಲ್ಲಿಯೂ ಅಲ್ಲ. ಒಬ್ಬ ಗಂಡಸು ಊರವರ ನಿಂದೆಯನ್ನು ಸಹಿಸಿಕೊಂಡು ತನ್ನ ಹೆಂಡತಿಗೆ ಓದಲು ಕಲಿಸಿದನು. ಆ ಹೆಂಡತಿಯು ನಸುಕಿನಲ್ಲಿ ಎದ್ದು ತನ್ನ ಮಗಳಿಗೆ ಕಲಿಸಿದಳು. ಆ ಮಗಳು ಸಾವಿರಾರು ಜನರಿಗೆ ಕಲಿಸಿದಳು. ನಮ್ಮಲ್ಲಿ ಈಗ ಹೆಣ್ಣುಮಕ್ಕಳು ಶಾಲೆಗೆ ಹೋಗುವರೆಂಬದು ಸತ್ಯವೇ. ಆದರೂ ಸಂಜೆಯಲ್ಲಿ ಹುಡುಗನು ಪುಸ್ತಕ ಹಿಡಿದು ಕೂತಿರುವಾಗ ಅವನ ಅಕ್ಕನು ಪಾತ್ರೆಗಳ ಮುಂದೆ ಕೂತಿರುವ ಮನೆಗಳು ಇನ್ನೂ ಎಷ್ಟೋ ಇವೆ. ಮನೆಯ ಲೆಕ್ಕವನ್ನು ಹೆಂಡತಿಗೆ ತಿಳಿಸದ ಗಂಡಂದಿರೂ, ಸಭೆಯ ಕಾರ್ಯಗಳಲ್ಲಿ ಹೆಂಗಸರ ಮಾತನ್ನು ಕೇಳದ ಹಿರಿಯರೂ ಇಲ್ಲವೆನ್ನಲಾಗದು. ಬೆಟ್ಟವನ್ನು ಹತ್ತಿ ಗಂಗಾಮೂಲಕ್ಕೆ ಹೋಗಬೇಕೆಂದು ನಮ್ಮನ್ನು ಈಗ ಯಾರೂ ಬಲಾತ್ಕರಿಸುವದಿಲ್ಲ. ಮಗನ ಪುಸ್ತಕದ ಪಕ್ಕದಲ್ಲಿ ಮಗಳ ಪುಸ್ತಕವನ್ನೂ ಇಟ್ಟು, ಪಾತ್ರೆಗಳನ್ನು ಇಬ್ಬರಿಗೂ ಹಂಚಿಕೊಟ್ಟರೆ ಸಾಕು. ಇಷ್ಟನ್ನು ಮಾಡಲು ಅನಂತಶಾಸ್ತ್ರಿಗೆ ಬೇಕಾದಷ್ಟು ಧೈರ್ಯವು ಸಹ ನಮಗೆ ಬೇಕಾಗದು.